ಥೇಮ್ಸ್ ನದಿಗೆ ಕೊಟ್ಟ ಶುಕ್ರವಾರಗಳು

ಇಂಗ್ಲೆಂಡನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಈಗ ಉಳಿದಿಲ್ಲ. ಆದರೆ ಥೇಮ್ಸ್ ನದಿಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಹೆಸರನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ತಪ್ಪದೆ ಹೇಳಬಲ್ಲೆ. ಲೆಚ್‌ಲೇಡಿನಿಂದ ಶುರುಮಾಡಿ ಬಸ್ಕಟ್, ಗ್ರಾಫ್ಟನ್ ಎಂದು ಇಳಿಯುತ್ತ ಹೋದರೆ ಟೆಡಿಂಗ್ಟನ್ ಬರುವಾಗ ನಲವತ್ತು ದಾಟಿರುತ್ತದೆ. ನಡುವೆ ಯಾವ ದ್ವೀಪದಲ್ಲಿ ಮನೆಗಳಿವೆ, ಯಾವುದರಲ್ಲಿ ಬರೀ ಮರಗಳಿವೆ, ಯಾವ ಹಳ್ಳಿಯ ಇಗರ್ಜಿ ನೀರಿಗೆ ಹತ್ತಿರ, ಅದೂ ಗೊತ್ತು. ಇಷ್ಟೆಲ್ಲ ಗೊತ್ತಿರುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಕೆಲವರು ಕುಡಿದು ಮನೆ ಹಾಳು ಮಾಡುತ್ತಾರೆ, ನಾನು ನಕ್ಷೆ ಬರೆದು ಮಾಡಿದೆ. ಅದೂ ನನ್ನ ಮನೆಯಲ್ಲ, ಅಕ್ಕನ ಮನೆ.

ಕತಾರಿನ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್. ಪೈಪು ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು, ವಾಲ್ವ್ ಎಲ್ಲಿ ಕೂರಬೇಕು ಎಂದು ಎಂಜಿನಿಯರುಗಳು ಹೇಳಿದ್ದನ್ನು ಗೆರೆಯಲ್ಲಿ ತೋರಿಸುವುದು ನನ್ನ ಕೆಲಸ. ನಾನೂ ಹೆಂಡತಿಯೂ ಇರುವುದು ದೋಹಾದ ಅಲ್ ಮನ್ಸೂರಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು, ಸಂಜೆ ಮನೆ ಮುಟ್ಟುವಾಗ ಸೊಂಟ ಸತ್ತುಹೋಗಿರುತ್ತದೆ. ವಾರದಲ್ಲಿ ನನ್ನದು ಎಂದು ಇದ್ದದ್ದು ಶುಕ್ರವಾರ ಒಂದೇ.

ನಮ್ಮ ವಿಭಾಗದ ಮ್ಯಾನೇಜರ್ ಇಂಗ್ಲೆಂಡಿನವರು. ಇಲ್ಲಿ ಮ್ಯಾನೇಜರಿಗೆ ಎಲ್ಲರೂ ಅರಬಿಯಲ್ಲಿ ಮುದೀರ್ ಎನ್ನುತ್ತಾರೆ, ನಾನೂ ಹಾಗೆಯೇ ಹೇಳುತ್ತೇನೆ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು. ಬಾಗಿಲು ತಟ್ಟಿದರೆ ಎದ್ದು ನಿಂತು ಮಾತಾಡಿಸುತ್ತಿದ್ದರು, ನನ್ನ ಹೆಂಡತಿಗೆ ಹುಷಾರಿಲ್ಲದಾಗ ನೆನಪಿಟ್ಟು ವಿಚಾರಿಸುತ್ತಿದ್ದರು. ಒಂದು ದಿನ ಕಂಪ್ಯೂಟರ್ ಕೈಕೊಟ್ಟಿತ್ತು; ಪೈಪು ಜೋಡಣೆಯ ಒಂದು ಚಿತ್ರವನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಅದನ್ನು ಅವರು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಕೈಯಲ್ಲಿ ಹೀಗೆ ಬರೆಯುವವರು ಇನ್ನೂ ಇದ್ದಾರಾ?" ಎಂದರು. ನಾನು ಉಬ್ಬಿಹೋದೆ.

ಒಂದು ವಾರ ಬಿಟ್ಟು ಕರೆದರು. ಮುಂದಿನ ವರ್ಷ ಅವರ ನಿವೃತ್ತಿ. ಊರಿಗೆ ಹೋದ ಮೇಲೆ ಬೈಠಕ್ ಕೋಣೆಯ ಗೋಡೆಗೆ ತೂಗುಹಾಕಲು ಅವರ ನದಿಯ ಉದ್ದದ ನಕ್ಷೆಯೊಂದು ಬೇಕಂತೆ. ನದಿ ಹುಟ್ಟಿದಲ್ಲಿಂದ ಕಡಲ ಉಬ್ಬರ ಮುಟ್ಟುವ ಜಾಗದವರೆಗೆ, ಪ್ರತಿ ಲಾಕ್, ಪ್ರತಿ ದ್ವೀಪ, ಪ್ರತಿ ಹಳ್ಳಿ, ಎಲ್ಲ ಕೈಯಲ್ಲಿ ಬರೆದದ್ದು. "ಪುರುಸೊತ್ತಿದ್ದಾಗ ಮಾತ್ರ, ತೊಂದರೆ ತೆಗೆದುಕೊಳ್ಳಬೇಡಿ" ಎಂದರು. ನಾವು ಕರಾವಳಿಯವರು ಗಲ್ಫಿನಲ್ಲಿ ಇಷ್ಟು ವರ್ಷ ಉಳಿದದ್ದೇ ಇಂಥ ಮಾತಿನ ಅರ್ಥವನ್ನು ನಮಗೆ ಬೇಕಾದ ಹಾಗೆ ಮಾಡಿಕೊಂಡು. ಆಗ ಕಂಪೆನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಪಟ್ಟಿ ತಯಾರಾಗುವಾಗ ಮುದೀರ್ ಒಂದು ಮಾತು ಹೇಳಿದರೆ ನಾನು ಬಚಾವು ಎಂದು ಲೆಕ್ಕ ಹಾಕಿದೆ. ಯಾರಾದರೂ ಕೇಳಿದರೆ ಇದನ್ನೇ ಕಾರಣ ಎಂದು ಹೇಳುತ್ತೇನೆ. ನಿಜವಾದ ಕಾರಣ, ಆ ಕೆಲಸ ನನಗೆ ಖುಷಿ ಕೊಟ್ಟಿತು.

ಅವರು ಹಳೆಯ ಕೈಪಿಡಿಯೊಂದನ್ನು ಕೊಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಕೂರಿಸಿಕೊಂಡು ನದಿಯನ್ನು ಹೇಳುತ್ತಿದ್ದರು. ಲಾಕ್ ಎಂದರೆ ನೀರಿನ ಮೆಟ್ಟಿಲು ಎಂದು ತಿಳಿಯಿರಿ. ನದಿಗೆ ಅಲ್ಲಲ್ಲಿ ಕಟ್ಟ ಕಟ್ಟಿ ನೀರು ನಿಲ್ಲಿಸಿರುತ್ತಾರೆ. ಕಟ್ಟದ ಬದಿಯಲ್ಲಿ ಕಲ್ಲಿನ ಉದ್ದ ತೊಟ್ಟಿ, ಅದರ ಎರಡೂ ತುದಿಗೆ ಜೋಡಿ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ಮೇಲಿನ ನೀರು ಬಿಡುತ್ತಾರೆ, ನೀರಿನ ಜೊತೆ ದೋಣಿಯೂ ಏರುತ್ತದೆ. ಲಾಕ್ ಕಾಯುವವನಿಗೆ ಅಲ್ಲೇ ಮನೆ, ಮನೆಯ ಮುಂದೆ ಹೂವಿನ ಪಾತಿ. ಯಾವ ಲಾಕಿನ ಹೂದೋಟ ಚೆಂದ ಎಂದು ಸ್ಪರ್ಧೆ ಬೇರೆ. ವಿಟ್‌ಚರ್ಚ್ ಎಂಬ ಹಳ್ಳಿಯಲ್ಲಿ ಸೇತುವೆ ದಾಟಲು ಇವತ್ತಿಗೂ ಸುಂಕ ಕೊಡಬೇಕಂತೆ. ಗೋರಿಂಗ್ ಹತ್ತಿರದ ಲಾಕಿನಲ್ಲಿ ಅವರು ಸಣ್ಣವರಿದ್ದಾಗ ಬಾಗಿಲಿನ ಉದ್ದ ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಿದ್ದರಂತೆ. ಹೇಳುವಾಗ ಮುಖ ಕೆಂಪಾಗುತ್ತಿತ್ತು. ಹೊರಗೆ ಮೆಸಯೀದ್‌ನ ಚಿಮಣಿಗಳಲ್ಲಿ ಬೆಂಕಿ ಉರಿಯುತ್ತಿತ್ತು, ಒಳಗೆ ನಾವಿಬ್ಬರು ಒಂದು ಹಸಿರು ನದಿಯಲ್ಲಿ ಇಳಿದು ಹೋಗುತ್ತಿದ್ದೆವು.

ದ್ವೀಪಗಳ ಮಾತು ಬಂದಾಗ ನಾನೂ ಬಾಯಿ ಹಾಕಿದೆ. ನದಿಯ ನಡುವಿನ ಇಂಥ ನೆಲಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತೇವೆ, ನಾನು ಹುಟ್ಟಿದ್ದು ಒಂದು ಕುದ್ರುವಿನಲ್ಲಿ ಎಂದೆ. ಅವರು "ಹೌದಾ, ಎಷ್ಟು ಸೊಗಸು" ಎಂದು ಮತ್ತೆ ತಮ್ಮ ದ್ವೀಪಕ್ಕೆ ಹೋದರು. ನನಗೆ ಬೇಸರವಾಗಲಿಲ್ಲ ಎನ್ನುವುದೇ ಈಗ ಬೇಸರ. ಕೆಸರು, ಏಡಿ, ಕೊಳೆತ ತೆಂಗಿನ ಸಿಪ್ಪೆಯ ವಾಸನೆ, ದೋಣಿಗೆ ಕಾದು ಕಾದು ಶಾಲೆಗೆ ತಡವಾಗಿ ಹೋಗಿ ಮೇಷ್ಟ್ರ ಹತ್ತಿರ ಬೈಸಿಕೊಂಡದ್ದು, ಇದನ್ನೆಲ್ಲ ಹೂದೋಟದ ಎದುರಿಗೆ ಹೇಗೆ ಹೇಳುವುದು ಎಂದು ನಾನೇ ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಚಾ ಕುಡಿದ ಕೂಡಲೇ ಊಟದ ಮೇಜಿನ ಮೇಲೆ ಕಾಗದ ಬಿಡಿಸುತ್ತಿದ್ದೆ. ಹತ್ತು ತುಂಡುಗಳಲ್ಲಿ ಬರೆದು ಕೊನೆಗೆ ಜೋಡಿಸುವುದು ಎಂದು ಯೋಜನೆ. ಕೈಪಿಡಿಯಲ್ಲಿ ಲಾಕಿಗೆ ಒಂದು ಕಪ್ಪು ಪಟ್ಟಿ ಮಾತ್ರ ಹಾಕಿದ್ದರು; ನನಗೆ ಅದು ಸಾಲದು. ಬಾಗಿಲುಗಳನ್ನೂ ತೋರಿಸಬೇಕು ಎಂದು ಹಠ. ಎರಡು ಕದಗಳು ನೇರವಾಗಿ ಕೂಡುವುದಿಲ್ಲ, ಮೂತಿ ಮುಂದೆ ಮಾಡಿ ಕೋನವಾಗಿ ಕೂಡುತ್ತವೆ ಎಂದು ಮುದೀರ್ ಬೆರಳ ತುದಿಗಳನ್ನು ಜೋಡಿಸಿ ತೋರಿಸಿದ್ದರು. ಮೂತಿ ಯಾವ ಕಡೆಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಪ್ರತಿ ತುಂಡು ಮುಗಿದಾಗ ಅವರಿಗೆ ತೋರಿಸುತ್ತಿದ್ದೆ, ಅವರು ಭೂತಗನ್ನಡಿ ಹಿಡಿದು ಹಳ್ಳಿ ಹಳ್ಳಿ ನೋಡಿ ಬೆನ್ನು ತಟ್ಟುತ್ತಿದ್ದರು.

"ನಿಮ್ಮ ಥೇಮ್ಸನ್ನು ಸ್ವಲ್ಪ ಆಚೆ ಸರಿಸ್ತೀರಾ? ಸಾರು ಇಡ್ಲಿಕ್ಕೆ ಜಾಗ ಇಲ್ಲ" ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ಕೆಲವು ತಿಂಗಳ ಮೇಲೆ ತಮಾಷೆ ನಿಂತಿತು. ತಟ್ಟೆಯನ್ನು ತೊಡೆಯ ಮೇಲಿಟ್ಟು ಊಟ ಮಾಡತೊಡಗಿದೆವು.

ಅಕ್ಕನ ಫೋನು ಬಂದದ್ದು ಆರನೆಯ ತುಂಡು ಬರೆಯುವಾಗ. ಅಕ್ಕ, ಭಾವ ಕುದ್ರುವಿನಲ್ಲೇ ಇರುವವರು. ತೆಂಗು, ಒಂದಿಷ್ಟು ಮಲ್ಲಿಗೆ, ಎರಡು ದನ. ಯಾವ ನದಿ, ಯಾವ ಕುದ್ರು ಎಂದು ಬರೆಯುವುದಿಲ್ಲ, ಬರೆದರೆ ಊರವರಿಗೆ ಮನೆಯೇ ಗೊತ್ತಾಗುತ್ತದೆ. ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮರಳು ತೆಗೆಯುವ ದೋಣಿಗಳಿಂದ ಕುದ್ರುವಿನ ದಡ ಕುಸಿಯುತ್ತ ಬಂದಿತ್ತು. ಜನ ಓಡಾಡಿ, ಅರ್ಜಿ ಕೊಟ್ಟು, ಕೊನೆಗೂ ತಡೆಗೋಡೆ ಕಟ್ಟಲು ಒಪ್ಪಿಗೆ ಸಿಕ್ಕಿತ್ತು. ಆದರೆ ಕುದ್ರುವಿನ ಸುತ್ತಲೂ ಕಟ್ಟುವುದಿಲ್ಲ, ಒಂದು ಬದಿಗೆ ಮಾತ್ರ. ಎಲ್ಲಿ ಹೆಚ್ಚು ನೆಲ ಹೋಗಿದೆಯೋ ಅಲ್ಲಿಗೆ.

"ಹೆಚ್ಚು ಹೋದದ್ದು ನಮ್ಮ ಬದಿಯೇ ತಮ್ಮಾ, ಎಲ್ಲರಿಗೂ ಗೊತ್ತುಂಟು" ಎಂದಳು ಅಕ್ಕ. "ಆದ್ರೆ ಬಾಯಲ್ಲಿ ಹೇಳಿದ್ರೆ ಆಗ್ಲಿಕ್ಕಿಲ್ಲಂತೆ. ಮೊದಲು ದಡ ಎಲ್ಲಿತ್ತು ಅಂತ ಕಾಗದ ತೋರಿಸ್ಬೇಕಂತೆ. ನೀನು ಡಿಪ್ಲೊಮಾ ಓದುವಾಗ ಸರಪಳಿ ಹಿಡಿದು ಅಳೆದು ಒಂದು ನಕ್ಷೆ ಬರೆದದ್ದಿತ್ತಲ್ಲ, ಅದು ಉಂಟಾ?"

ಇತ್ತು. ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಕಲಿಯುವಾಗ ರಜೆಯಲ್ಲಿ ನಾನೂ ಅಕ್ಕನೂ ಸೇರಿ ಇಡೀ ಕುದ್ರು ಅಳೆದಿದ್ದೆವು. ಸರಪಳಿಯ ಒಂದು ತುದಿ ಅವಳ ಕೈಯಲ್ಲಿ. ನಾನು ಕತಾರಿಗೆ ಬರುವಾಗ ಆ ಹಾಳೆಯನ್ನು ಕೊಳವೆಯಲ್ಲಿ ಸುತ್ತಿ ತಂದು ಕಪಾಟಿನ ಮೇಲೆ ಇಟ್ಟಿದ್ದೆ. ನಮ್ಮ ಬದಿಯ ಹಳೆಯ ದಡಕ್ಕೆ ಪ್ರಪಂಚದಲ್ಲಿ ಇದ್ದ ಸಾಕ್ಷಿ ಅದೊಂದೇ.

"ಮೊಬೈಲಲ್ಲಿ ಫೋಟೋ ತೆಗೆದು ಕಳಿಸು, ಸಾಕು" ಎಂದಳು.

ನಾನು ಹಾಳೆ ಬಿಡಿಸಿ ನೋಡಿದೆ. ಪೆನ್ಸಿಲ್ ಮಸುಕಾಗಿತ್ತು, ಒಂದು ಮೂಲೆಯಲ್ಲಿ ಚಾದ ಕಲೆ, ಅಕ್ಷರ ಕಾಗೆಯ ಕಾಲು. ಇದನ್ನು ಆಫೀಸರುಗಳ ಮುಂದೆ ಇಡುವುದೇ? ಗಲ್ಫಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿರುವವನ ಕೆಲಸ ಇದು ಎಂದು ಯಾರಾದರೂ ನಕ್ಕರೆ? ಕಚ್ಚಾ ಹಾಳೆ ಹೊರಗೆ ಕಳಿಸಬಾರದು ಎನ್ನುವುದು ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಪಾಠ. "ಇದು ಬೇಡ ಅಕ್ಕ. ಹಳೆಯ ದಡ, ಈಗಿನ ದಡ ಎರಡನ್ನೂ ಹಾಕಿ ನೀಟಾಗಿ ಒಂದು ನಕ್ಷೆ ಮಾಡಿಕೊಡ್ತೇನೆ. ಈಗಿನ ಅಳತೆ ಕಳಿಸು. ಎರಡು ಶುಕ್ರವಾರ ಕೊಡು" ಎಂದೆ.

ಅಳತೆ ಎರಡೇ ದಿನದಲ್ಲಿ ಬಂತು. ಅಕ್ಕನೂ ಭಾವನೂ ದನದ ಹಗ್ಗಕ್ಕೆ ಗಂಟು ಹಾಕಿ ಅಳೆದಿದ್ದರು. ವಾಟ್ಸಾಪಿನಲ್ಲಿ ಅವಳ ಧ್ವನಿ, ಹಿಂದೆ ನೀರಿನ ಸದ್ದು: "ಬಾವಿಯಿಂದ ದಡಕ್ಕೆ ಏಳು ಗಂಟು. ಅಡಿಗೆಕೋಣೆ ಗೋಡೆಯಿಂದ ಮೂರೇ ಗಂಟು. ಒಂದು ಗಂಟಿಗೆ ಎಷ್ಟು ಅಂತ ಭಾವ ಅಳೆದು ಹೇಳ್ತಾರೆ, ಕೇಳು."

ಎರಡು ಶುಕ್ರವಾರ ಹೋಯಿತು. ಆಗ ಸಾನಿಂಗ್ ಎಂಬ ಹಳ್ಳಿಯ ಇಟ್ಟಿಗೆ ಸೇತುವೆ ಬರೆಯುತ್ತಿದ್ದೆ. ಅದಕ್ಕೆ ಎಷ್ಟು ಕಮಾನು ಎಂದು ಎಣಿಸಲು ಒಂದು ಬೆಳಿಗ್ಗೆ ಹಿಡಿಯಿತು. ನಾಲ್ಕು ಶುಕ್ರವಾರ ಹೋಯಿತು. ಅಕ್ಕ ಕೇಳಿದಾಗಲೆಲ್ಲ "ಆಗ್ತಾ ಉಂಟು" ಎಂದೆ. ಆಗ್ತಾ ಇರಲಿಲ್ಲ. ಇಷ್ಟು ಸಾಲದೆಂದು, ಮುಗಿದ ತುಂಡುಗಳ ಫೋಟೋ ತೆಗೆದು ಕುಟುಂಬದ ಗುಂಪಿಗೆ ಹಾಕುತ್ತಿದ್ದೆ. ಥೇಮ್ಸಿನ ಫೋಟೋ ತೆಗೆಯಲು ಮೊಬೈಲು ಎತ್ತುತ್ತಿದ್ದ ಕೈಗೆ ಕಪಾಟಿನ ಮೇಲಿನ ಹಾಳೆ ಎಟುಕಲಿಲ್ಲ. ನೀನು ಎಂಥ ಮನುಷ್ಯ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ, ಉತ್ತರ ಗೊತ್ತಿರುವುದರಿಂದ ಮುಂದೆ ಕೇಳುವುದಿಲ್ಲ.

"ಸೋಮವಾರ ಆಫೀಸರು ಬರ್ಲಿಕ್ಕುಂಟಂತೆ" ಎಂದು ಅಕ್ಕ ಹೇಳಿದ್ದು ಒಂದು ಮಂಗಳವಾರ. "ಶುಕ್ರವಾರ ಮಾಡಿ ಕಳಿಸ್ತೀಯಲ್ಲ?"

"ಖಂಡಿತ" ಎಂದೆ.

ಮುದೀರರ ಬೀಳ್ಕೊಡುಗೆ ಆ ಭಾನುವಾರ ಇತ್ತು. ನನ್ನಲ್ಲಿ ಟೆಡಿಂಗ್ಟನ್ ಬಾಕಿ ಇತ್ತು. ಶುಕ್ರವಾರ ಅದನ್ನು ಮುಗಿಸಿದೆ, ಹತ್ತು ತುಂಡು ಜೋಡಿಸಿದೆ, ಸಂಜೆ ದೋಹಾ ಅಲ್ ಜದೀದಾದ ಅಂಗಡಿಗೆ ಕೊಂಡುಹೋಗಿ ಚೌಕಟ್ಟು ಹಾಕಿಸಿದೆ. ಟ್ಯಾಕ್ಸಿಯಲ್ಲಿ ಹಿಡಿಸದೆ ಪಿಕಪ್ ಹಿಡಿದು ತಂದೆ. ಅವತ್ತು ಹೆಂಡತಿ ಒಂದೇ ಮಾತು ಹೇಳಿದಳು: "ಅತ್ತಿಗೆಯದ್ದು?" ಭಾನುವಾರ ಕೆಲಸದಿಂದ ಬಂದು ಮಾಡುತ್ತೇನೆ ಎಂದೆ.

ಭಾನುವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೇಕು, ಸಮೋಸ, ಭಾಷಣ. ನಕ್ಷೆಯ ಮೇಲಿನ ಬಟ್ಟೆ ಎಳೆದಾಗ ಎಲ್ಲರೂ ಓ ಎಂದರು. ಮುದೀರರ ಕಣ್ಣು ತುಂಬಿತು. ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಆಗ ಹಡಗುಕಟ್ಟೆ ವಿಭಾಗದ ಇಂಗ್ಲೆಂಡಿನವರೊಬ್ಬರು, ಊರಿನಲ್ಲಿ ಸ್ವಂತ ದೋಣಿ ಇದ್ದವರಂತೆ, ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು. ಇನ್ನಷ್ಟು ಹತ್ತಿರ ಬಂದರು. ಆಮೇಲೆ ಜೋರಾಗಿ ನಕ್ಕರು.

"ಬಾಗಿಲುಗಳೆಲ್ಲ ತಿರುಗುಮುರುಗು! ಮೂತಿ ಮೇಲಿನ ನೀರಿನ ಕಡೆಗೆ ಇರಬೇಕು. ನೀರು ಒತ್ತಿದಷ್ಟೂ ಕದ ಬಿಗಿಯಾಗುವುದು ಅದರಿಂದಲೇ. ಇವರು ಬರೆದ ಹಾಗೆ ಕಟ್ಟಿದರೆ ಒಂದೇ ದಿನದಲ್ಲಿ ಎಲ್ಲ ತೆರೆದುಕೊಂಡು ನದಿ ಲಂಡನ್ನಿಗೆ ಬಂದು ಬೀಳುತ್ತದೆ!"

ಎಲ್ಲರೂ ನಕ್ಕರು. ಮುದೀರ್ ಬಗ್ಗಿ ನೋಡಿದರು, ಒಂದು ಲಾಕ್, ಇನ್ನೊಂದು, ಮತ್ತೊಂದು. ನಲವತ್ತಕ್ಕೂ ಮಿಕ್ಕಿ ಲಾಕ್‌ಗಳಲ್ಲಿ ಒಂದೂ ಸರಿ ಇರಲಿಲ್ಲ. ಹತ್ತು ಸಲ ಭೂತಗನ್ನಡಿ ಹಿಡಿದು ನೋಡಿದ ಅವರಿಗೂ ಅದು ಕಂಡಿರಲಿಲ್ಲ. ಬೆನ್ನು ಕೊಟ್ಟು ತಳ್ಳಿದ ಬಾಗಿಲು ಯಾವ ಕಡೆಗೆ ಮೂತಿ ಮಾಡಿತ್ತು ಎಂದು ಅವರಿಗೇ ನೆನಪಿರಲಿಲ್ಲ. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ನನ್ನ ಹೆಗಲ ಮೇಲಿನ ಕೈ ಯಾವಾಗ ಹೋಯಿತೋ ತಿಳಿಯಲಿಲ್ಲ.

ಎಲ್ಲಿ ತಪ್ಪಿದೆ ಎಂದು ವಾಪಸ್ಸು ಬರುವ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಹೊಳೆಗೆ ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಅದು ಇರುವುದು ಸಮುದ್ರದ ಉಪ್ಪುನೀರು ಮೇಲೆ ಬಂದು ಗದ್ದೆ, ಬಾವಿ ಕೆಡಿಸದಿರಲಿ ಎಂದು. ನಮ್ಮ ಕಡೆಯವರಿಗೆ ನೀರಿಗೆ ಬಾಗಿಲು ಎಂದರೆ ಕಡಲಿಗೆ ಹಾಕಿದ ಬಾಗಿಲು. ಶತ್ರು ಬರುವುದು ಕೆಳಗಿನಿಂದ. ನಾನು ಒಂದೊಂದು ಲಾಕಿನ ಮೂತಿಯನ್ನೂ ಕಡಲ ಕಡೆಗೆ ತಿರುಗಿಸಿಟ್ಟಿದ್ದೆ, ಒಮ್ಮೆಯೂ ಯೋಚಿಸದೆ. ಕೈ ತನಗೆ ಗೊತ್ತಿದ್ದ ಹೊಳೆಯನ್ನೇ ಬರೆದಿತ್ತು. ಬೇಕಾದವರಿಗೆ ಬರೆದುಕೊಡಲಿಲ್ಲ, ಅಷ್ಟೇ.

ಆ ಸಂಜೆ ಮನೆಗೆ ಬಂದು ಮಲಗಿಬಿಟ್ಟೆ. ಅವಮಾನ ಎನ್ನುವುದು ಮನುಷ್ಯನನ್ನು ಎಷ್ಟು ಸ್ವಾರ್ಥಿ ಮಾಡುತ್ತದೆ ಎಂದರೆ, ಆ ಹೊತ್ತಿಗೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ನಗು ಮಾತ್ರ. ಅಕ್ಕನ ಎರಡು ಕರೆ ಬಂತು, ಎತ್ತಲಿಲ್ಲ. ಮೂರನೆಯದನ್ನು ಹೆಂಡತಿ ಎತ್ತಿ "ಅವರಿಗೆ ಹುಷಾರಿಲ್ಲ ಅತ್ತಿಗೆ" ಎಂದಳು. ಸುಳ್ಳು ಹೇಳಿಸಿದವನು ನಾನು, ಬೇಸರಪಟ್ಟವಳು ಅವಳು.

ಸೋಮವಾರ ಆಫೀಸರು ಬಂದರು. ಕುದ್ರುವಿನ ಆಚೆ ಬದಿಯ ಮನೆಯವರು ಹಳೆಯ ಫೋಟೋ, ಯಾವುದೋ ಕಾಗದ ಎಲ್ಲ ಜೋಡಿಸಿ ಇಟ್ಟುಕೊಂಡಿದ್ದರು. ಅಕ್ಕ ಕೈ ತೋರಿಸಿ ಹೇಳಿದಳಂತೆ, ಅಲ್ಲಿ ಹಲಸಿನ ಮರ ಇತ್ತು, ಅಲ್ಲಿ ದನದ ಹಟ್ಟಿ ಇತ್ತು ಎಂದು. ಅವಳು ತೋರಿಸಿದಲ್ಲಿ ನೀರು ಇತ್ತು. ನೀರನ್ನು ತೋರಿಸಿ ನೆಲ ಎಂದರೆ ಯಾರು ಬರೆದುಕೊಳ್ಳುತ್ತಾರೆ? ಗೋಡೆ ಆಚೆ ಬದಿಗೆ ಗುರುತಾಯಿತು. ಆಮೇಲೆ ನಾನು ಹಾಳೆಯ ಫೋಟೋ ತೆಗೆದು ಕಳಿಸಿದೆ. ಅದನ್ನು ಹಿಡಿದು ಭಾವ ಮೂರು ಸಲ ಆಫೀಸಿಗೆ ಹೋದರು. ಇದು ಮೊದಲೇ ಇದ್ದಿದ್ದರೆ ಸಾಕಿತ್ತಲ್ಲ ಎಂದು ಅಲ್ಲಿ ಹೇಳಿದರಂತೆ. ಚಾದ ಕಲೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಡಿಗೆಕೋಣೆ ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಗೋಡೆ ಬಿರಿಯಿತು, ಆಮೇಲೆ ಬಾವಿಯ ಕಟ್ಟೆ ವಾಲಿತು, ಬಾವಿಗೆ ಉಪ್ಪುನೀರು ನುಗ್ಗಿತು. ದನ ಮಾರಿದರು. ಈಗ ಅಕ್ಕ, ಭಾವ ಕುದ್ರು ಬಿಟ್ಟು ಹೊಳೆಯ ಈಚೆ ದಡದಲ್ಲಿ, ಹೆದ್ದಾರಿ ಬದಿಯ ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಮಲ್ಲಿಗೆ ಗಿಡ ಎರಡನ್ನು ಬಕೆಟಿನಲ್ಲಿ ನೆಟ್ಟಿದ್ದಾಳೆ ಎಂದು ಭಾವ ಹೇಳಿದರು.

ಕಂಪೆನಿಯ ಪಟ್ಟಿ ಬಂತು, ನನ್ನ ಹೆಸರು ಅದರಲ್ಲಿ ಇರಲಿಲ್ಲ. ಪಟ್ಟಿ ಮಾಡಿದ್ದು ಹೆಡ್ ಆಫೀಸಿನವರು, ಮುದೀರರನ್ನು ಯಾರೂ ಕೇಳಿರಲೂ ಇಲ್ಲ. ಮುದೀರ್ ಹೋಗುವಾಗ ನಕ್ಷೆ ತುಂಬ ಉದ್ದವಾಯಿತು, ಆಮೇಲೆ ತರಿಸಿಕೊಳ್ಳುತ್ತೇನೆ ಎಂದರು. ಅದು ಇವತ್ತಿಗೂ ಸ್ಟೋರ್ ರೂಮಿನಲ್ಲಿ ಕೆಟ್ಟ ಪ್ರಿಂಟರಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ್ದೇನೆ, ಬರುವುದಿಲ್ಲ. ಪುರುಸೊತ್ತಿದ್ದಾಗ ಎಂದೇ ಅವರು ಹೇಳಿದ್ದರು. ಬೇರೆಯವರಿಗೆ ಪುರುಸೊತ್ತಿಲ್ಲ ಎಂದವನು ನಾನು.

ಕಳೆದ ತಿಂಗಳು ಒಂದು ಶುಕ್ರವಾರ, ಯಾರೂ ಕೇಳದೆ, ಕುದ್ರುವಿನ ನಕ್ಷೆ ಬರೆದೆ. ಹಳೆಯ ದಡ ಕಪ್ಪು ಗೆರೆ, ಅಕ್ಕ ಹಗ್ಗದಲ್ಲಿ ಅಳೆದ ದಡ ಕೆಂಪು ಗೆರೆ. ಬಾವಿ, ಅಡಿಗೆಕೋಣೆ, ಹಲಸಿನ ಮರ, ಹಟ್ಟಿ. ಅಕ್ಕನಿಗೆ ಕಳಿಸಿದೆ. ಏನು ಅಂದುಕೊಂಡು ಕಳಿಸಿದೆ ಎಂದು ಕೇಳಬೇಡಿ; ಕ್ಷಮೆ ಕೇಳಲು ಬಾಯಿ ಬರದವನಿಗೆ ಕೈ ಒಂದಿತ್ತು.

ಸಂಜೆ ಅವಳೇ ಫೋನು ಮಾಡಿದಳು. ಸಿಟ್ಟಿನಲ್ಲಿ ಇರಲಿಲ್ಲ. ಎಲ್ಲ ಸರಿಯಾಗಿ ಉಂಟು, ಹಟ್ಟಿ ಮಾತ್ರ ಸ್ವಲ್ಪ ಈಚೆಗೆ ಬರಬೇಕಿತ್ತು ಎಂದಳು. ಹಿಂದೆ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. ಆಮೇಲೆ, ಸುಮ್ಮನೆ ತಿಳಿದುಕೊಳ್ಳಲು ಎಂಬಂತೆ, ಕೇಳಿದಳು:

"ಇದನ್ನು ಬರೀಲಿಕ್ಕೆ ಎಷ್ಟು ಹೊತ್ತು ಹಿಡೀತು ತಮ್ಮಾ?"

ಸುಳ್ಳು ಹೇಳಬಹುದಿತ್ತು. ಹದಿನೈದು ದಿನ ಎಂದಿದ್ದರೆ ನಂಬುತ್ತಿದ್ದಳು, ಅವಳಿಗೂ ಸಮಾಧಾನವಾಗುತ್ತಿತ್ತೋ ಏನೋ.

"ಬೆಳಿಗ್ಗೆ ಕೂತದ್ದು ಅಕ್ಕ" ಎಂದೆ. "ಊಟದ ಹೊತ್ತಿಗೆ ಮುಗಿಯಿತು."